ಹ್ಯಾಂಡಲಿನ ಮೇಲಿನ ನಕಾಶೆಹಲಗೆ

ತಂಬ್ರಹಳ್ಳಿಯ ಆಸುಪಾಸಿನ ಬಂಡಿದಾರಿಗಳಲ್ಲಿ ನಕಾಶೆಯನ್ನು ನೋಡುತ್ತ ಸೈಕಲ್ ಸವಾರಿ ಮಾಡುವ ಹವ್ಯಾಸಕ್ಕೆ ಬಿದ್ದವನ ಮನೆಯಲ್ಲಿ, ಗುಡ್ಡಗಾಡಿಗೆ ತಕ್ಕ ಸೈಕಲ್ಲಿನ ಬೆಲೆಯನ್ನು ಹೇಗೋ ಸಹಿಸಿಕೊಂಡ ಗೃಹಿಣಿಯು, ಅದರ ಹ್ಯಾಂಡಲಿನ ಮೇಲೆ ಕೂರುವ ಒಂದು ಗೇಣಗಲದ ಹಲಗೆಗೆ ಹತ್ತು ಸಾವಿರ ರೂಪಾಯಿ ಎಂಬ ಮಾತು ಕಿವಿಗೆ ಬಿದ್ದೊಡನೆ ಲೆಕ್ಕದ ಪುಸ್ತಕವನ್ನು ತೆರೆಯುವುದು ಸಹಜವೇ ಸರಿ. ನಮ್ಮ ಮನೆಯಲ್ಲಿಯೂ ಅದು ತೆರೆಯಿತು. ಆ ಲೆಕ್ಕವನ್ನೇ ಈ ಸಲದ ಅಂಕಣಕ್ಕೆ ವಿಷಯವಾಗಿಸಿಕೊಂಡಿದ್ದೇನೆ.

ನಕಾಶೆ ಮತ್ತು ದಿಕ್ಸೂಚಿಗಳ ಬಲದಿಂದಲೇ ಗೊತ್ತಾದ ಠಾಣೆಗಳನ್ನು ಅರಸಿ ಮುಟ್ಟುವ ಓರಿಯಂಟೀರಿಂಗ್ ಕ್ರೀಡೆಯು ಉತ್ತರ ಯೂರೋಪಿನಲ್ಲಿ ಬೆಳೆದು, 1961ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವನ್ನು ಪಡೆಯಿತು. ಅದರ ಸೈಕಲ್ ಶಾಖೆಯ ಪ್ರಥಮ ವಿಶ್ವಸ್ಪರ್ಧೆ 2002ರಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಓಡುವವನು ನಕಾಶೆಯನ್ನು ಕೈಯಲ್ಲಿ ಹಿಡಿಯಬಲ್ಲನು. ಸವಾರನ ಎರಡು ಕೈಗಳೂ ಹ್ಯಾಂಡಲಿಗೆ ಮೀಸಲಾದುದರಿಂದ ನಕಾಶೆಗೊಂದು ಪೀಠ ಬೇಕಾಗುತ್ತದೆ. ದಾರಿ ತಿರುಗಿದಂತೆಲ್ಲ ನಕಾಶೆಯ ಉತ್ತರವು ಭೂಮಿಯ ಉತ್ತರಕ್ಕೆ ನೇರವಾಗುವಂತೆ ಆ ಪೀಠವೂ ಬೆರಳ ತುದಿಯ ಒತ್ತಿಗೆ ತಿರುಗಬೇಕು, ಆದರೆ ಗಾಡಿಯ ಕುಲುಕಾಟಕ್ಕೆ ತಾನಾಗಿ ತಿರುಗಬಾರದು. ಹಣವನ್ನು ಕೇಳುವ ಭಾಗ ಈ ಕೀಲೊಂದೇ ಎಂಬುದು ನನ್ನ ಅಭಿಪ್ರಾಯ. ಹಲಗೆಯು ಯಾವುದಾದರೂ ಹಲಗೆಯೇ.

ಜೆಕ್ ದೇಶದ ಮಿರಿ, ಸ್ವೀಡನ್ನಿನ ನಾರ್ಡನ್‌ಮಾರ್ಕ್ ಮುಂತಾದ ತಯಾರಿಕೆಗಳು ಈ ಕೀಲನ್ನು ಬಹು ಅಂದವಾಗಿ ಸಾಧಿಸಿವೆ. ಆದರೆ ವಸ್ತುವಿನ ಮೂಲಬೆಲೆಗೆ ಅಂಚೆಯ ವೆಚ್ಚ, ಆಮದು ಸುಂಕ, ಅದರ ಮೇಲಿನ ತೆರಿಗೆ, ಕೊರಿಯರಿನವರ ಸೇವಾಶುಲ್ಕ ಎಲ್ಲವೂ ಒಂದರ ಮೇಲೊಂದು ಏರಿ ಕುಳಿತಾಗ, ಮನೆಬಾಗಿಲಿಗೆ ಬರುವ ಬೆಲೆಯು ಮೊದಲು ಕಂಡ ಬೆಲೆಯ ಗುರುತು ಹಿಡಿಯದಂತಾಗಿರುತ್ತದೆ. ಪರದೇಶದ ಸಾಮಾನನ್ನು ಕೊಳ್ಳುವವನು ಬಾಗಿಲ ಬೆಲೆಯನ್ನೇ ಬರೆದುಕೊಳ್ಳತಕ್ಕದ್ದು. ಅದಲ್ಲದೆ ಒಂದು ತಿರುಪು ಕಳೆದರೆ ಹಗರಿಬೊಮ್ಮನಹಳ್ಳಿಯಲ್ಲಿ ಸಿಗುವುದೆ, ಇಲ್ಲ ಪುನಃ ಅದೇ ಸಮುದ್ರಯಾನವೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮೊಬೈಲನ್ನು ಸಿಕ್ಕಿಸುವ ಅಗ್ಗದ ಹಿಡಿಯನ್ನು ಕೆಲವರು ಸೂಚಿಸಿದರು. ಸ್ಪರ್ಧೆಯ ನಿಯಮ ಅದಕ್ಕೆ ಸಮ್ಮತಿಸದು, ನಮ್ಮ ಸೀಮೆಯ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಗಾಜು ಕನ್ನಡಿಯಾಗಿ ನನ್ನ ಮುಖವನ್ನೇ ತೋರಿಸುತ್ತದೆ.

ಹಲಗೆಯ ಗಾತ್ರವನ್ನು ನಿರ್ಣಯಿಸುವುದು ನಕಾಶೆಯ ಪ್ರಮಾಣ. ಸ್ಪರ್ಧೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 1:15,000ರ ನಕಾಶೆಯಲ್ಲಿ ಒಂದು ಸೆಂಟಿಮೀಟರು 150 ಮೀಟರಿಗೆ ಸಮ. ಗಂಟೆಗೆ 15 ಕಿಲೋಮೀಟರು ವೇಗದ ಸವಾರನು ನಿಮಿಷಕ್ಕೆ 250 ಮೀಟರು ಸಾಗುವುದರಿಂದ ಎ-4 ಹಾಳೆಯೊಂದರ ಉದ್ದವನ್ನು ಹದಿನೆಂಟು ನಿಮಿಷಗಳಲ್ಲಿ ದಾಟಿಬಿಡುತ್ತಾನೆ. ನಮ್ಮ ಊರಿಗೆ ಅಂತಹ ನಕಾಶೆಯನ್ನು ಮಾಡಿದವರಿಲ್ಲ. ನನಗೆ ದೊರೆತುದು ಭಾರತೀಯ ಸರ್ವೇಕ್ಷಣಾ ಇಲಾಖೆಯು 2017ರಿಂದ ಉಚಿತವಾಗಿ ಕೊಡುತ್ತಿರುವ 1:50,000ರ ಹಾಳೆ, ಮತ್ತು ಕಂದಾಯ ಇಲಾಖೆಯ ಗ್ರಾಮನಕಾಶೆ. ಮೊದಲನೆಯದರಲ್ಲಿ ಎ-4ರಷ್ಟು ತುಂಡು ಹತ್ತು ಕಿಲೋಮೀಟರು ಅಗಲ, ಹದಿನೈದು ಕಿಲೋಮೀಟರು ಉದ್ದದ ನೆಲವನ್ನು ಒಳಗೊಳ್ಳುವುದರಿಂದ ಒಂದು ಬೆಳಗಿನ ಸವಾರಿಗೆ ಸಾಕಾಗುತ್ತದೆ. ಆದುದರಿಂದ ಅದಕ್ಕಿಂತ ದೊಡ್ಡ ಹಲಗೆಗೆ ಕೊಟ್ಟ ಹಣ ನನ್ನ ಪಾಲಿಗೆ ಗಾಳಿಯನ್ನು ತಡೆಯುವುದಕ್ಕೆ ಕೊಟ್ಟ ಹಣವೇ ಆಗುತ್ತಿತ್ತು. ಎರಡನೆಯದರ ಗುಣವೆಂದರೆ, ತಲಾಠಿಯ ಕಚೇರಿಯಲ್ಲಿ ವ್ಯಾಜ್ಯಕ್ಕೆ ಕಾರಣವಾಗುವ ‘ನಕಾಶೆ ಕಂಡ ದಾರಿ’ಗಳೆಲ್ಲ ಅದರಲ್ಲಿ ಚುಕ್ಕಿಗೆರೆಗಳಾಗಿ ಮೂಡಿರುತ್ತವೆ. ಅವುಗಳಲ್ಲಿ ಎಷ್ಟೋ ಇಂದು ಉತ್ತ ಹೊಲದೊಳಗೆ ಸೇರಿಹೋಗಿವೆ. ಬೆಳೆಯ ನಡುವೆ ಚಕ್ರ ಹಾಯಿಸಿ ‘ಸರ್ಕಾರದ ದಾರಿ’ ಎಂದು ವಾದಿಸುವ ಧೈರ್ಯ ನನಗಿಲ್ಲ.

ಕೊನೆಗೆ ನಾನು ಹಲಗೆಯನ್ನು ಇಲ್ಲಿಯೇ ಮಾಡಿಸಿದೆ. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡಿಗೆ 80, ಪೈಪಿನ ಕ್ಲಾಂಪಿಗೆ 60, ಬೋಲ್ಟು, ಸ್ಪ್ರಿಂಗು, ನೈಲಾನ್ ವಾಷರುಗಳಿಗೆ 50, ಮೇಲುಹೊದಿಕೆಗೆ 20, ಕೂಲಿ 150, ಒಟ್ಟು 360 ರೂಪಾಯಿ. ಕ್ಲಾಂಪಿಗೂ ಹ್ಯಾಂಡಲಿಗೂ ನಡುವೆ ಹಳೆಯ ಟ್ಯೂಬಿನ ತುಂಡನ್ನು ಸುತ್ತಿ, ಪ್ಯಾಡಿನ ಕೆಳಗೊಂದು, ಮೇಲೊಂದು ವಾಷರನ್ನಿಟ್ಟು, ಸ್ಪ್ರಿಂಗಿನ ಮೇಲೆ ನಟ್ಟನ್ನು ಕಾಲುಸುತ್ತು ಬಿಗಿ, ಕಾಲುಸುತ್ತು ಸಡಿಲ ಮಾಡುತ್ತ, ಹೆಬ್ಬೆರಳಿಗೆ ಮಾತ್ರ ಮಣಿಯುವ ಹದಕ್ಕೆ ತಂದ ಮೆಕ್ಯಾನಿಕ್ಕನು, “ಏನ್ ಸಾರ್, ಈ ವಯಸ್ನಾಗ ಯಾವ ಪರೀಕ್ಷಿಗೆ ಹೊಂಟೀರಿ?” ಎಂದು ಕೇಳಿದನು. ನಾನು ಉತ್ತರಿಸದೆ ಹಣ ಕೊಟ್ಟೆ. ಪ್ಯಾಡು ಮುಂಗಾಲಿಯನ್ನು ಮರೆಮಾಡದಂತೆ, ಬ್ರೇಕಿನ ಹಿಡಿಗಳಿಗೆ ತಗಲದಂತೆ, ತುಸು ಎದೆಯ ಕಡೆಗೆ ವಾಲಿಸಿ ಕೂರಿಸಬೇಕೆಂಬುದು ಮಾತ್ರ ಅವನಿಗೆ ನಾನು ಹೇಳಿಕೊಟ್ಟ ಅಂಶ. ಅದರ ಅಂಚು ಕಬ್ಬಿಣದ ಪಟ್ಟಿಯಿಲ್ಲದ ಬರಿಯ ರಟ್ಟಾದುದರಿಂದ ಮಳೆಗಾಲಕ್ಕೊಮ್ಮೆ ಉಬ್ಬುತ್ತದೆ. ಬದಲಿಸಲು ಮತ್ತೆ 80 ರೂಪಾಯಿ, ಕೀಲು ಹಳೆಯದೇ.

ಉಳಿದ ಹಣದ ಬಹುಭಾಗವನ್ನು ಜಾಲಿಮುಳ್ಳು ತಡೆಯುವ ದಪ್ಪ ಟಯರುಗಳಿಗೂ, ಸ್ವಲ್ಪವನ್ನು ನಕಾಶೆಯ ಹೊಸ ಪ್ರತಿಗಳಿಗೂ ವಿನಿಯೋಗಿಸಿದೆ. ಈ ಎರಡನೆಯ ವೆಚ್ಚ ಇತರ ಊರುಗಳಲ್ಲಿ ವ್ಯರ್ಥವೆನಿಸಬಹುದು. ಇಲ್ಲಿಯಾದರೋ, 1953ರಲ್ಲಿ ನೀರು ನಿಲ್ಲತೊಡಗಿ ನಾರಾಯಣದೇವರಕೆರೆಯಂತಹ ಊರುಗಳನ್ನು ನುಂಗಿದ ತುಂಗಭದ್ರಾ ಜಲಾಶಯವು 1,633 ಅಡಿಗೆ ತುಂಬಿದಾಗ ಹಿನ್ನೀರು ಹೊಲಗಳವರೆಗೆ ಏರುತ್ತದೆ, ಬೇಸಿಗೆಯಲ್ಲಿ ಇಳಿದು ಮತ್ತೆ ದಾರಿಗಳನ್ನು ಬಿಡುತ್ತದೆ. ಶ್ರಾವಣಕ್ಕೊಂದು ಪ್ರತಿ, ಚೈತ್ರಕ್ಕೊಂದು ಪ್ರತಿ ಇಟ್ಟುಕೊಂಡು, ನೀರಿನ ಅಂಚನ್ನು ನೀಲಿ ಪೆನ್ಸಿಲಿನಿಂದ ನಾನೇ ಎಳೆಯುತ್ತೇನೆ. ಯೂರೋಪಿನ ಸ್ಪರ್ಧೆಗೆ ಹೋಗುವ ತರುಣರು ಯಾರಾದರೂ ನಮ್ಮ ನಾಡಿನಿಂದ, ವಿಶೇಷವಾಗಿ ಸೈಕಲ್ಲಿಗೆ ಹೆಸರಾದ ವಿಜಯಪುರದ ಕಡೆಯಿಂದ, ಹೊರಟರೆ ಅವರು ಆ ಹತ್ತು ಸಾವಿರದ ಹಲಗೆಯನ್ನೇ ಕೊಳ್ಳಲಿ. ಕ್ಷಣಗಳನ್ನು ಎಣಿಸುವವರಿಗೆ ಅದು ದುಬಾರಿಯಲ್ಲ. ಬಂಡೆ ರಂಗನಾಥನ ಗುಡ್ಡವನ್ನು ಸುತ್ತಿ ಊಟದ ಹೊತ್ತಿಗೆ ಮನೆ ಸೇರುವವನಿಗೆ ಪ್ಯಾಡು ಸಾಕು.