ಕಮ್ ಅಕ್ರಾಸ್ ಆ್ಯಸ್: ತೀರ್ಪು ಕೊಡದೆ ಅನಿಸಿಕೆ ಹೇಳುವ ಬಗೆ

‘ಹೀ ಈಸ್ ಆರೊಗೆಂಟ್’ ಎಂದರೆ ಅದು ತೀರ್ಪು. ‘ಹೀ ಕಮ್ಸ್ ಅಕ್ರಾಸ್ ಆ್ಯಸ್ ಆರೊಗೆಂಟ್’ ಎಂದರೆ ಅನಿಸಿಕೆ. ಅವರ ಮಾತು, ವರ್ತನೆ ನೋಡಿದವರಿಗೆ ಅವರು ಅಹಂಕಾರಿಯಂತೆ ಕಾಣುತ್ತಾರೆ ಎಂದಷ್ಟೇ ಅದರ ಅರ್ಥ. ಒಳಗೆ ಅವರು ಹೇಗಿದ್ದಾರೆ ಎಂಬುದರ ಗೊಡವೆಗೆ ಆ ವಾಕ್ಯ ಹೋಗುವುದಿಲ್ಲ. ಉದ್ಯೋಗ ಸಂದರ್ಶನ, ಕಚೇರಿಯ ಇಮೇಲ್, ತರಗತಿಯ ಚರ್ಚೆಗಳಲ್ಲಿ ಈ ವ್ಯತ್ಯಾಸ ತುಂಬ ಮುಖ್ಯ. ಇದನ್ನು ಬಾಯಿಪಾಠ ಮಾಡಬೇಕಿಲ್ಲ, ಏಕೆಂದರೆ ಇಂಥ ವಾಕ್ಯರಚನೆ ಕನ್ನಡದಲ್ಲೇ ಇದೆ.

ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ: ‘ಅವರು ನನಗೆ ಪ್ರಾಮಾಣಿಕರಾಗಿ ಕಾಣುತ್ತಾರೆ.’ ಇಲ್ಲಿ ಕರ್ತೃಪದ ‘ಅವರು’; ನೋಡುವವರು ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿದ್ದಾರೆ. ಎರಡನೆಯ ಹೆಜ್ಜೆಯಲ್ಲಿ ಅದೇ ಕರ್ತೃವಿನಿಂದ ಇಂಗ್ಲಿಷ್ ವಾಕ್ಯ ಆರಂಭಿಸಿ: ‘ಶೀ ಕಮ್ಸ್ ಅಕ್ರಾಸ್’. ಮೂರನೆಯದಾಗಿ ‘ಆ್ಯಸ್’ ಸೇರಿಸಿ ಗುಣ ಹೇಳಿ: ‘ಆ್ಯಸ್ ಆನೆಸ್ಟ್’ ಅಥವಾ ‘ಆ್ಯಸ್ ಎ ಗುಡ್ ಲಿಸನರ್’. ‘ನನಗೆ’ ಎಂಬುದನ್ನೂ ಹೇಳಬೇಕೆನಿಸಿದರೆ ಕೊನೆಗೆ ‘ಟು ಮೀ’ ಬರಲಿ. ನಾಲ್ಕನೆಯದು ಕಾಲ: ಸಾಮಾನ್ಯ ನಡವಳಿಕೆಗೆ ‘ಕಮ್ಸ್’, ನಿನ್ನೆಯ ಸಂದರ್ಶನದಂಥ ಒಂದು ಸಂದರ್ಭಕ್ಕೆ ‘ಕೇಮ್’. ಇದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಬಾರದು. ‘ಆ್ಯಸ್’ ಇಲ್ಲದೆ ಕರ್ಮಪದ ಬಂದರೆ ಅರ್ಥವೇ ಬೇರೆ: ‘ಐ ಕೇಮ್ ಅಕ್ರಾಸ್ ಆ್ಯನ್ ಓಲ್ಡ್ ಲೆಟರ್’ ಅಂದರೆ ಹಳೆಯ ಪತ್ರವೊಂದು ಅಕಸ್ಮಾತ್ತಾಗಿ ಸಿಕ್ಕಿತು ಎಂದು. ಅಮೆರಿಕನ್ನರ ಆಡುಮಾತಿನಲ್ಲಿ ಇದೇ ಅನಿಸಿಕೆಗೆ ‘ಕಮ್ ಆಫ್ ಆ್ಯಸ್’ ಎಂಬ ರೂಪವೂ ಉಂಟು.

‘ಸೀಮ್ಸ್’ ಎಂಬ ಸುಲಭ ಪದ ಇರುವಾಗ ಇದೇಕೆ ಎಂದು ಕೇಳಬಹುದು. ‘ಸೀಮ್’ ಎಲ್ಲದಕ್ಕೂ ಸಲ್ಲುತ್ತದೆ. ಅಂಗಡಿ ಮುಚ್ಚಿದಂತಿದೆ ಎನ್ನಲೂ ಅದೇ ಸಾಕು. ವ್ಯಕ್ತಿಯ ಮಾತು, ಹಾವಭಾವ, ಬರಹ ಇತರರಲ್ಲಿ ಮೂಡಿಸುವ ಭಾವನೆಯನ್ನು ಬೆರಳಿಟ್ಟು ತೋರಿಸಲು ‘ಕಮ್ ಅಕ್ರಾಸ್ ಆ್ಯಸ್’ ಬೇಕು. ಇದು ಆರೋಪವನ್ನು ಮೆತ್ತಗೆ ಮರೆಮಾಚುವ ಜಾಣತನ ಎಂಬ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಕಾರಣ ಕೊಡದೆ ಬಳಸಿದರೆ ಅದು ಹಾಗೇ ಆಗುತ್ತದೆ. ಆದ್ದರಿಂದ ಐದನೆಯ ಹೆಜ್ಜೆಯನ್ನು ಬಿಡಬಾರದು: ಅನಿಸಿಕೆಯ ಜೊತೆಗೆ ಆಧಾರ ಹೇಳಿ. ‘ಯುವರ್ ಇಮೇಲ್ ಕೇಮ್ ಅಕ್ರಾಸ್ ಆ್ಯಸ್ ರೂಡ್ ಬಿಕಾಸ್ ಇಟ್ ಹ್ಯಾಡ್ ನೋ ಗ್ರೀಟಿಂಗ್’ ಎಂದಾಗ, ನಮಸ್ಕಾರವಿಲ್ಲದ ಇಮೇಲ್ ಒರಟಾಗಿ ಕಂಡಿತು ಎಂಬುದು ಬರೆದವರಿಗೆ ತಿಳಿಯುತ್ತದೆ. ‘ನೀನು ಒರಟ’ ಎಂದರೆ ಅವರು ವಾದಕ್ಕೆ ನಿಲ್ಲುತ್ತಾರೆ. ಕಾರಣ ತಿಳಿದರೆ ಮುಂದಿನ ಇಮೇಲನ್ನು ತಿದ್ದಿಕೊಳ್ಳುತ್ತಾರೆ.