ಅಂಚೆ ಸರ್ವರಿನ ಕಡತಗಳು: ಒಡೆತನ ಮತ್ತು ಅನುಮತಿ

ಕಚೇರಿಯ ವಿದ್ಯುನ್ಮಾನ ಅಂಚೆ ಇದ್ದಕ್ಕಿದ್ದಂತೆ ನಿಂತುಹೋದಾಗ ಜಾಲಸಂಪರ್ಕವನ್ನೋ ಯಂತ್ರವನ್ನೋ ಶಂಕಿಸುವುದು ವಾಡಿಕೆ. ಆದರೆ ಇವೆರಡೂ ಸುಸ್ಥಿತಿಯಲ್ಲಿದ್ದು, ಬಂದ ಪತ್ರವನ್ನು ಪೆಟ್ಟಿಗೆಗೆ ಸೇರಿಸಲು ಸರ್ವರಿಗೆ ಅನುಮತಿಯೇ ಇಲ್ಲದಿರುವ ಸಂದರ್ಭಗಳೂ ಉಂಟು. ಪತ್ರಗಳ ಗೋಪ್ಯತೆಗೆ ಧಕ್ಕೆಯಾಗದಂತೆ ಈ ದೋಷವನ್ನು ನಿವಾರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೂಲ ನಿಯಮ

ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ ಹಾಗೂ ಒಂದು ಗುಂಪು ಇರುತ್ತವೆ. ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಬೇರೆಬೇರೆಯಾಗಿ ಕೊಡಲಾಗುತ್ತದೆ. ಈ ಹಕ್ಕುಗಳ ಬೆಲೆ ಕ್ರಮವಾಗಿ 4, 2 ಮತ್ತು 1. ಆದುದರಿಂದ 600 ಎಂದರೆ ಒಡೆಯನೊಬ್ಬನೇ ಓದಿ ಬರೆಯಬಲ್ಲನು. ಉಳಿದವರಿಗೆ ಯಾವ ಹಕ್ಕೂ ಇಲ್ಲ. ಕಡತಗಳನ್ನು ಇರಿಸುವ ಡೈರೆಕ್ಟರಿಯ ವಿಷಯದಲ್ಲಿ ‘ನಡೆಸುವ’ ಹಕ್ಕೆಂದರೆ ಅದರ ಮೂಲಕ ಮುಂದೆ ಸಾಗುವ ಹಕ್ಕು.

ದೋಷದ ಮೂಲ

1998ರಲ್ಲಿ ಬಿಡುಗಡೆಯಾದ ಪೋಸ್ಟ್‌ಫಿಕ್ಸ್‌ನಂತಹ ಅಂಚೆ ತಂತ್ರಾಂಶದಲ್ಲಿ ಹಲವು ಕಾರ್ಯಕ್ರಮಗಳು ಪ್ರತ್ಯೇಕ ಖಾತೆಗಳ ಹೆಸರಿನಲ್ಲಿ, ಸೀಮಿತ ಅಧಿಕಾರದಿಂದ ದುಡಿಯುತ್ತವೆ. ಕಡತದ ಒಡೆತನ ಬದಲಾದರೆ ಈ ಸರಪಳಿ ತುಂಡಾಗುತ್ತದೆ. ಮೇಲ್ವಿಚಾರಕನ ಖಾತೆಯಾದ ರೂಟ್‌ನಿಂದ ನಕಲು ಮಾಡಿದ ಕಡತಗಳು ರೂಟ್‌ನ ಸೊತ್ತಾಗುವುದು ಒಂದು ಸಾಮಾನ್ಯ ಕಾರಣ.

ಹಳೆಯ ಯಂತ್ರದಿಂದ ಹೊಸದಕ್ಕೆ ಅಂಚೆಯನ್ನು ವರ್ಗಾಯಿಸುವಾಗ ಇನ್ನೊಂದು ಅಪಾಯವಿದೆ. ವ್ಯವಸ್ಥೆಯು ಒಡೆಯನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಹಳೆಯ ಯಂತ್ರದಲ್ಲಿ 1001 ಎಂಬುದು ಒಬ್ಬರ ಸಂಖ್ಯೆಯಾಗಿದ್ದು, ಹೊಸದರಲ್ಲಿ ಅದೇ ಸಂಖ್ಯೆ ಬೇರೊಬ್ಬರಿಗೆ ದೊರೆತಿದ್ದರೆ, ಮೊದಲನೆಯವರ ಪತ್ರಗಳು ಎರಡನೆಯವರ ವಶಕ್ಕೆ ಹೋಗಬಹುದು.

ಪರಿಶೀಲನೆಯ ಕ್ರಮ

1. ಮೊದಲು ಅಂಚೆಯ ದಿನಚರಿ ಕಡತವನ್ನು, ಅಂದರೆ ಲಾಗ್ ಅನ್ನು, ಓದಬೇಕು. ‘ಪರ್ಮಿಷನ್ ಡಿನೈಡ್’ ಎಂಬ ಸಾಲಿನಲ್ಲಿ ಬರುವ ಕಡತದ ಹೆಸರನ್ನೂ, ಯಾವ ಖಾತೆ ಅದನ್ನು ತೆರೆಯಲು ಯತ್ನಿಸಿತೆಂಬುದನ್ನೂ ಗುರುತು ಹಾಕಿಕೊಳ್ಳಬೇಕು.

2. ‘ಎಲ್‌ಎಸ್ -ಎಲ್‌ಎನ್’ ಆದೇಶದಿಂದ ಒಡೆಯನ ಸಂಖ್ಯೆಯನ್ನು ನೋಡಬೇಕು.

3. ಕಡತವನ್ನಷ್ಟೇ ನೋಡಿದರೆ ಸಾಲದು. ಅದರವರೆಗಿನ ಪ್ರತಿಯೊಂದು ಡೈರೆಕ್ಟರಿಯಲ್ಲೂ ಮುಂದೆ ಸಾಗುವ ಹಕ್ಕಿರಬೇಕು. ಲಿನಕ್ಸ್‌ನಲ್ಲಿ ‘ನೇಮ್‌ಐ -ಎಲ್’ ಆದೇಶವು ಇಡೀ ದಾರಿಯನ್ನು ತೋರಿಸುತ್ತದೆ.

4. ಪರೀಕ್ಷೆಯನ್ನು ಸಂಬಂಧಪಟ್ಟ ಖಾತೆಯಿಂದಲೇ ಮಾಡತಕ್ಕದ್ದು. ಸಾಮಾನ್ಯ ಅನುಮತಿಗಳು ರೂಟ್ ಖಾತೆಯನ್ನು ತಡೆಯವು; ಆದುದರಿಂದ ಅಲ್ಲಿಂದ ನಡೆಸಿದ ಪರೀಕ್ಷೆ ದೋಷವನ್ನು ಮರೆಮಾಚುತ್ತದೆ.

5. ಹಕ್ಕುಗಳೆಲ್ಲ ಸರಿಯಿದ್ದೂ ತಡೆ ಮುಂದುವರಿದರೆ, ಎಸ್‌ಇ‌ಲಿನಕ್ಸ್ ಎಂಬ ಹೆಚ್ಚುವರಿ ರಕ್ಷಣಾ ಪದರವು ಕಾರಣವೇ ಎಂಬುದನ್ನು ನೋಡಬೇಕು.

ಪರಿಹಾರ ಮತ್ತು ಎಚ್ಚರಿಕೆ

ಕೆಲವೆಡೆ ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯ ಒಡೆಯರು. ಕೆಲವೆಡೆ ಎಲ್ಲ ಪೆಟ್ಟಿಗೆಗಳೂ ಅಂಚೆಗೆ ಮೀಸಲಾದ ಒಂದೇ ಖಾತೆಗೆ ಸೇರಿರುತ್ತವೆ. ಇದನ್ನು ಖಚಿತಪಡಿಸಿಕೊಂಡ ಅನಂತರವೇ ‘ಚ್‌ಓನ್’ ಆದೇಶದಿಂದ ಒಡೆತನವನ್ನೂ, ತರುವಾಯ ‘ಚ್‌ಮಾಡ್’ ಆದೇಶದಿಂದ ಅನುಮತಿಯನ್ನೂ ಸರಿಪಡಿಸಬೇಕು. ಸಾಮಾನ್ಯವಾಗಿ ಪತ್ರದ ಡೈರೆಕ್ಟರಿಗೆ 700, ಪತ್ರಕ್ಕೆ 600 ಸಾಕು. ಪೋಸ್ಟ್‌ಫಿಕ್ಸ್‌ನ ಸರದಿ ಡೈರೆಕ್ಟರಿಗಳಿಗೆ ಬೇರೆಬೇರೆ ಒಡೆಯರಿರುವುದರಿಂದ ಅವನ್ನೆಲ್ಲ ಒಂದೇ ಆದೇಶದಿಂದ ಬದಲಿಸಬಾರದು. ‘ಪೋಸ್ಟ್‌ಫಿಕ್ಸ್ ಚೆಕ್’ ಆದೇಶವು ಅಲ್ಲಿನ ದೋಷಗಳನ್ನು ತಿಳಿಸುತ್ತದೆ. ‘ಪೋಸ್ಟ್‌ಫಿಕ್ಸ್ ಸೆಟ್-ಪರ್ಮಿಷನ್ಸ್’ ಆದೇಶವು ಅವನ್ನು ಸರಿಪಡಿಸುತ್ತದೆ.

ಅವಸರದಲ್ಲಿ 777 ಎಂದು ಎಲ್ಲರಿಗೂ ಎಲ್ಲ ಹಕ್ಕುಗಳನ್ನು ಕೊಡುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಆ ಯಂತ್ರದಲ್ಲಿ ಖಾತೆಯುಳ್ಳ ಯಾರಾದರೂ ಇನ್ನೊಬ್ಬರ ಪತ್ರವನ್ನು ಓದಬಹುದು, ಅಳಿಸಲೂಬಹುದು. ಇದಲ್ಲದೆ, ಅತಿಯಾದ ಅನುಮತಿಯೇ ಅಂಚೆಯನ್ನು ತಡೆಯುವುದುಂಟು: ಪತ್ರವನ್ನು ಬೇರೆ ವಿಳಾಸಕ್ಕೆ ಕಳುಹಿಸುವಂತೆ ತಿಳಿಸುವ ಕಡತವು ಗುಂಪಿನವರೂ ಬರೆಯಬಲ್ಲ ಡೈರೆಕ್ಟರಿಯಲ್ಲಿದ್ದರೆ, ಸೆಂಡ್‌ಮೇಲ್ ತಂತ್ರಾಂಶವು ಸಾಮಾನ್ಯವಾಗಿ ಅದನ್ನು ನಂಬುವುದಿಲ್ಲ.

ಆತುರಕ್ಕೆ ಕಾರಣವೂ ಇಲ್ಲ. ತಾತ್ಕಾಲಿಕ ದೋಷದಿಂದ ತಡೆಯಲ್ಪಟ್ಟ ಪತ್ರಗಳನ್ನು ಪೋಸ್ಟ್‌ಫಿಕ್ಸ್ ತನ್ನ ಮೂಲ ಏರ್ಪಾಡಿನಂತೆ 5 ದಿನಗಳವರೆಗೆ ಸರದಿಯಲ್ಲಿ ಕಾಯ್ದಿರಿಸಿ, ಮತ್ತೆಮತ್ತೆ ತಲುಪಿಸಲು ಯತ್ನಿಸುತ್ತದೆ. ಆ ಅವಧಿಯೊಳಗೆ ಹಕ್ಕುಳ್ಳವರಿಗೆ ಹಕ್ಕನ್ನು ಮರಳಿಸಿದರೆ ಸರದಿಯಲ್ಲಿರುವ ಪತ್ರಗಳು ತಮ್ಮ ವಿಳಾಸವನ್ನು ಸೇರುತ್ತವೆ.