ಪ್ರಯೋಗಶಾಲೆಯ ಮುಂದಾಳು

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಮತ್ತು ಮೂಡಲಗಿ ತಾಲೂಕುಗಳು ಕಬ್ಬಿನ ನಾಡು. 1897ರಲ್ಲಿ ಘಟಪ್ರಭಾ ನದಿಗೆ ಧೂಪದಾಳದ ಬಳಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯ ನಿರ್ಮಾಣವಾಯಿತು. ನೀರಿನ ಹಿಂದೆ ಕಬ್ಬು ಬಂದಿತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಅವುಗಳಲ್ಲಿ ಹೆಸರಾದುದು. ಹಂಗಾಮು ತೊಡಗಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಹಗಲಿರುಳೆನ್ನದೆ ಕಾರ್ಖಾನೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ.

ಕಾರ್ಖಾನೆಯನ್ನು ನೋಡಹೋದವರ ಕಣ್ಣು ಎತ್ತರದ ಹೊಗೆಕೊಳವೆಯ ಮೇಲೂ ಕಬ್ಬನ್ನು ನುರಿಸುವ ಭಾರಿ ಗಾಣಗಳ ಮೇಲೂ ನಿಲ್ಲುತ್ತದೆ. ಒಂದು ಬದಿಯಲ್ಲಿರುವ ಪ್ರಯೋಗಶಾಲೆಯನ್ನು ಗಮನಿಸುವವರು ವಿರಳ. ಆದರೆ ಕಾರ್ಖಾನೆಯ ನಾಡಿ ತಿಳಿಯುವುದು ಅಲ್ಲಿಯೇ. ಅಲ್ಲಿನ ಸಿಬ್ಬಂದಿಯವರು ನಿಗದಿತ ವೇಳೆಗೆ ರಸ, ಸಿಪ್ಪೆ, ಕಾಕಂಬಿಗಳ ಮಾದರಿಗಳನ್ನು ತಂದು ಪರೀಕ್ಷಿಸುತ್ತಾರೆ. ರಸದಲ್ಲಿ ಕರಗಿರುವ ಒಟ್ಟು ಪದಾರ್ಥದ ಪ್ರಮಾಣಕ್ಕೆ ಬ್ರಿಕ್ಸ್ ಎಂದು ಹೆಸರು. ಅದರಲ್ಲಿ ಸಕ್ಕರೆ ಎಷ್ಟೆಂಬುದನ್ನು ಪೋಲಾರಿಮೀಟರ್ ಎಂಬ ಉಪಕರಣ ತಿಳಿಸುತ್ತದೆ. ಸಕ್ಕರೆಯ ದ್ರಾವಣವು ಧ್ರುವೀಕರಿಸಿದ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ತಿರುವು ಹೆಚ್ಚಿದಷ್ಟೂ ಸಕ್ಕರೆ ಹೆಚ್ಚು. ಬ್ರಿಕ್ಸ್ 20 ಇದ್ದು ಸಕ್ಕರೆ 17 ಇದ್ದರೆ ಆ ರಸದ ಶುದ್ಧತೆ ಶೇಕಡಾ 85. ಸುಣ್ಣ ಹಾಗೂ ಗಂಧಕದ ಡೈಆಕ್ಸೈಡಿನಿಂದ ರಸವನ್ನು ತಿಳಿಗೊಳಿಸುವಾಗಲೂ ಪ್ರಯೋಗಶಾಲೆಯ ಎಚ್ಚರಿಕೆ ಬೇಕು. ರಸದಲ್ಲಿ ಆಮ್ಲತೆ ಉಳಿದರೆ ಸಕ್ಕರೆ ಒಡೆದು ಹರಳುಗಟ್ಟದ ಸಕ್ಕರೆಗಳಾಗಿ ನಷ್ಟವಾಗುತ್ತದೆ. ಸುಣ್ಣ ಮಿತಿಮೀರಿದರೆ ರಸದ ಬಣ್ಣ ಕೆಡುತ್ತದೆ.

ಈ ಅಂಕಿಗಳು ಬರಿಯ ಲೆಕ್ಕವಲ್ಲ. ನುರಿಸಿದ ಕಬ್ಬಿನಲ್ಲಿ ನೂರಕ್ಕೆ ಎಷ್ಟು ಸಕ್ಕರೆ ದೊರೆಯಿತೆಂಬುದನ್ನು ಇಳುವರಿ ಎನ್ನುತ್ತಾರೆ. ರೈತನಿಗೆ ಸಲ್ಲಬೇಕಾದ ಕನಿಷ್ಠ ಬೆಲೆ ಈ ಇಳುವರಿಯನ್ನು ಅವಲಂಬಿಸಿದೆ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಬೆಲೆ ಕಟ್ಟಿತು. ಅದರ ಮೇಲೆ ಇಳುವರಿಯು 0.1ರಷ್ಟು ಏರಿದರೆ 3 ರೂಪಾಯಿ 32 ಪೈಸೆ ಹೆಚ್ಚು. ನೂರು ಟನ್ ಕಬ್ಬು ಕೊಟ್ಟ ರೈತನಿಗೆ ಆ ಒಂದು ದಶಾಂಶದಿಂದ 3,320 ರೂಪಾಯಿಗಳ ವ್ಯತ್ಯಾಸವಾಗುತ್ತದೆ. ವರ್ಷವಿಡೀ ನೀರು ಹಾಯಿಸಿ ಬೆಳೆದವನ ಬೆವರು ಹೀಗೆ ಒಂದು ದಶಾಂಶದ ಆಚೆ ಈಚೆ ನಿಂತಿರುತ್ತದೆ.

ಪ್ರಯೋಗಶಾಲೆಯ ಹೊಣೆ ಹೊತ್ತವರು ಮುಖ್ಯ ರಸಾಯನಜ್ಞರು. ಎಲ್ಲರೂ ಅವರನ್ನು ಚೀಫ್ ಕೆಮಿಸ್ಟ್ ಎಂದೇ ಕರೆಯುತ್ತಾರೆ. ಕೆಲಸ ಮೂರು ಪಾಳಿಗಳಲ್ಲಿ ನಡೆಯುವುದರಿಂದ ಅವರು ಎಲ್ಲ ಹೊತ್ತಿನಲ್ಲಿಯೂ ಎದುರಿಗಿರಲಾರರು. ತಾವಿಲ್ಲದ ವೇಳೆಯಲ್ಲಿಯೂ ಕೆಲಸ ಸತ್ಯವಾಗಿ ನಡೆಯುವಂತೆ ಮಾಡುವುದೇ ಅವರ ನಾಯಕತ್ವದ ನಿಜವಾದ ಪರೀಕ್ಷೆ.

ಅಂತಹ ಒಂದು ರಾತ್ರಿಯನ್ನು ಊಹಿಸಬಹುದು. ಸಮಯ ಎರಡು ಗಂಟೆ. ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬ ಸಿಪ್ಪೆಯ ಮಾದರಿಯನ್ನು ಪರೀಕ್ಷಿಸುತ್ತಾನೆ. ಅದರಲ್ಲಿ ಉಳಿದ ಸಕ್ಕರೆ ಎಂದಿನಂತೆ ಶೇಕಡಾ 2 ಇಲ್ಲ, 2.5 ಇದೆ. ತಪ್ಪು ತನ್ನದೇ ಇರಬಹುದೆಂಬ ಅಳುಕು. ಗಾಣದ ವಿಭಾಗದ ಹಿರಿಯರು ರೇಗಬಹುದೆಂಬ ಭಯ. ಹಿಂದಿನ ಪಾಳಿಯ ಅಂಕಿಯನ್ನೇ ಬರೆದಿಟ್ಟರೆ ಯಾರಿಗೂ ತಿಳಿಯದು. ಆದರೆ ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಸುಮಾರು 1,500 ಟನ್ ಸಿಪ್ಪೆ ಬರುತ್ತದೆ. ಆ ಅರ್ಧ ಅಂಶವೆಂದರೆ ದಿನಕ್ಕೆ ಏಳೂವರೆ ಟನ್ ಸಕ್ಕರೆ ಸಿಪ್ಪೆಯೊಡನೆ ಕುಲುಮೆಗೆ ಹೋಗಿ ಸುಟ್ಟುಹೋದಂತೆ!

ಆ ತರುಣನು ಏನು ಬರೆಯುತ್ತಾನೆಂಬುದು ಆ ರಾತ್ರಿ ನಿರ್ಧಾರವಾಗುವ ಸಂಗತಿಯಲ್ಲ. ಅದು ಹಿಂದಿನ ದಿನಗಳಲ್ಲಿಯೇ ನಿರ್ಧಾರವಾಗಿರುತ್ತದೆ. ಕೆಟ್ಟ ಸುದ್ದಿ ತಂದವನನ್ನು ಮುಖ್ಯಸ್ಥರು ಎಲ್ಲರೆದುರು ಗದರಿಸಿದ್ದರೆ ಅವನು ಹಳೆಯ ಅಂಕಿಯನ್ನೇ ನಕಲು ಮಾಡುವನು. ಬದಲಾಗಿ, ಸಂಶಯ ಬಂದಾಗ ಮತ್ತೊಂದು ಮಾದರಿ ತೆಗೆಯಬೇಕು, ಉಪಕರಣವನ್ನು ತಾಳೆ ನೋಡಬೇಕು, ಅನಂತರ ಬಂದ ಅಂಕಿಯನ್ನೇ ಅಂಜದೆ ಬರೆಯಬೇಕು ಎಂದು ಅವರು ಕಲಿಸಿದ್ದರೆ ಅವನು ಹಾಗೆಯೇ ಮಾಡುವನು. ಎರಡನೆಯ ಮಾದರಿಯೂ ಅದೇ ಅಂಕಿಯನ್ನು ತೋರಿಸಿದರೆ ಗಾಣದ ಮನೆಗೆ ಕೂಡಲೆ ಸುದ್ದಿ ಹೋಗುತ್ತದೆ. ಸಿಪ್ಪೆಯ ಮೇಲೆ ನೀರು ಸುರಿಯುವ ಕೊಳವೆ ಕಟ್ಟಿಕೊಂಡಿದ್ದರೆ ಬೆಳಗಾಗುವುದರೊಳಗೆ ಅದನ್ನು ಸರಿಪಡಿಸಬಹುದು.

ಈ ಗುಣ ಎಲ್ಲ ಪ್ರಯೋಗಶಾಲೆಗಳಿಗೂ ಅಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಉಡ್ಡಯನ ವಿಫಲವಾದಾಗ ಅವರು ತಾವೇ ಪತ್ರಕರ್ತರನ್ನು ಎದುರಿಸಿ ಹೊಣೆಯನ್ನು ಹೊತ್ತರು. 1980ರ ಜುಲೈಯಲ್ಲಿ ಅದೇ ತಂಡ ಯಶಸ್ಸು ಪಡೆದಾಗ ಪತ್ರಕರ್ತರೊಡನೆ ಮಾತನಾಡಲು ಯೋಜನೆಯ ನಿರ್ದೇಶಕರಾದ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳುಹಿಸಿದರು. ಸೋಲಿನಲ್ಲಿ ಮುಂದೆ ನಿಂತವರು ಗೆಲುವಿನಲ್ಲಿ ಹಿಂದೆ ಸರಿದರು. ಇಂತಹ ಹಿರಿಯರಿರುವಲ್ಲಿ ಕಿರಿಯರು ತಪ್ಪನ್ನು ಮುಚ್ಚಿಡಬೇಕಾಗುವುದಿಲ್ಲ; ತಪ್ಪು ಬಯಲಾದರೆ ಅದನ್ನು ತಿದ್ದುವ ದಾರಿಯೂ ತೆರೆಯುತ್ತದೆ.

ಉಪಕರಣಗಳನ್ನು ಹಣ ಕೊಟ್ಟು ತರಬಹುದು. ಅವುಗಳ ಮುಂದೆ ಕುಳಿತವನ ಧೈರ್ಯವನ್ನು ಹಾಗೆ ತರಲಾಗದು. ಅದನ್ನು ದಿನದಿನವೂ ಬೆಳೆಸುವುದು ಮುಂದಾಳಿನ ಕೆಲಸ. ಬಾಗಿಲ ಹೊರಗೆ ಟ್ರ್ಯಾಕ್ಟರಿನ ಬಳಿ ಚಳಿಯಲ್ಲಿ ಕಾದು ಕುಳಿತ ರೈತನು ಪೋಲಾರಿಮೀಟರನ್ನು ಕಂಡವನಲ್ಲ. ಒಳಗೆ ದೀಪದ ಬೆಳಕಿನಲ್ಲಿ ತರುಣನೊಬ್ಬ ಕಂಡದ್ದನ್ನು ಕಂಡಂತೆ ಬರೆಯುವನೆಂಬ ನಂಬಿಕೆಯ ಮೇಲೆಯೇ ಅವನ ಒಂದು ವರ್ಷದ ದುಡಿಮೆ ನಿಂತಿದೆ.